ನೀರು ಹರಿಯುವ ಕಡೆ ಚೆಂಡು

ಗಾಲ್ಫ್ ಕೋರ್ಸಿನ ಒಂದು ಹೋಲ್, ಅಂದರೆ ಆಟ ಶುರುವಾಗುವ ಟೀಯಿಂದ ಕುಳಿ ಇರುವ ಗ್ರೀನ್‌ವರೆಗಿನ ದಾರಿ, ನನ್ನನ್ನು ಎರಡು ತಿಂಗಳು ಕಾಡಿತು. 12ನೇ ಹೋಲ್, ಪಾರ್ 4 (ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು), ಉದ್ದ 380 ಗಜ. ಕಾರ್ಡ್ ನೋಡಿದರೆ ಹೆದರುವಂಥದ್ದು ಏನೂ ಇಲ್ಲ. ಇದಕ್ಕಿಂತ ಉದ್ದದ ಪಾರ್ 4ಗಳನ್ನು ಆಡಿದ್ದೇನೆ. ಆದರೂ ಮೊದಲ ಸಲ ಅಲ್ಲಿ 9 ಹೊಡೆತ ಬರೆದುಕೊಂಡು ಬಂದೆ. ರಾತ್ರಿ ಮಲಗಿದರೆ ಆ ಒಂಬತ್ತೂ ಒಂದೊಂದಾಗಿ ಕಣ್ಣ ಮುಂದೆ ಬರುತ್ತಿದ್ದವು. ಅದೇ ದಿನ 4ನೇ ಹೋಲ್‌ನಲ್ಲಿ ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಮಾಡಿದ್ದೆ. ಆ ಪಟ್ (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ಎಷ್ಟು ಅಡಿಯದು, ಯಾವ ಕಡೆ ತಿರುಗಿತು ಅಂತ ಈಗ ಕೇಳಿದರೆ ನೆನಪಿಲ್ಲ. ಆ ಒಂಬತ್ತು ಮಾತ್ರ ಹುಲ್ಲಿನ ವಾಸನೆ ಸಮೇತ ನೆನಪಿದೆ.

ಹಳ್ಳಿಗಾಡಿನ ಕೋರ್ಸ್ ಅದು. ದಿಬ್ಬಗಳು, ಹುಲ್ಲುಗಾವಲು, ಮಧ್ಯೆ ಹಾದುಹೋಗುವ ಸಣ್ಣ ಹಳ್ಳ, ಅಂಚಿನಲ್ಲಿ ಮರಗಳು. ನೆಲವನ್ನು ಜಾಸ್ತಿ ಮುಟ್ಟದೆ, ಇದ್ದ ಏರುಪೇರಿನ ಮೇಲೆಯೇ ಹುಲ್ಲು ಕತ್ತರಿಸಿ ಹೋಲ್‌ಗಳನ್ನು ಮಾಡಿದ್ದಾರೆ. ಸಮತಟ್ಟಾದ ಕಡೆ ಆಟ ಕಲಿತ ನನಗೆ ಕಾಲು ಎರಡೂ ಒಂದೇ ಮಟ್ಟದಲ್ಲಿ ನಿಲ್ಲುವ ಜಾಗ ಅಲ್ಲಿ ಟೀ ಬಿಟ್ಟರೆ ಸಿಕ್ಕಿದ್ದೇ ಅಪರೂಪ.

12ರ ಟೀ ಮೇಲೆ ನಿಂತರೆ ಗ್ರೀನ್ ಕಾಣುವುದಿಲ್ಲ. ಎದುರಿಗೆ ಒಂದು ದಿಬ್ಬ, ಅದರ ನೆತ್ತಿಯ ಮೇಲೆ ಒಂದು ಬಿಳಿ ಕಂಬ. ಕಂಬದ ಕಡೆ ಹೊಡೆಯಿರಿ ಅನ್ನುವುದಷ್ಟೇ ಸೂಚನೆ. ದಿಬ್ಬದ ಆಚೆ ಒಂದು ಗಂಟೆ ಕಟ್ಟಿದ್ದಾರೆ. ಮುಂದೆ ಹೋದವರು ಜಾಗ ಖಾಲಿ ಮಾಡಿ ಗಂಟೆ ಬಾರಿಸಿದ ಮೇಲೆ ಹಿಂದಿನವರು ಹೊಡೆಯಬೇಕು. ಹೀಗೆ ಕಾಣದ ಕಡೆಗೆ ಹೊಡೆಯುವ ಹೋಲ್‌ಗಳು ಆಟದಷ್ಟೇ ಹಳೆಯವು. 1860ರಲ್ಲಿ ಮೊದಲ ಓಪನ್ ಚಾಂಪಿಯನ್‌ಷಿಪ್ ನಡೆದದ್ದು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ. ಅಲ್ಲಿ ಇವತ್ತಿಗೂ ದೊಡ್ಡ ಮರಳ ದಿಬ್ಬದ ಮೇಲಿಂದ ಹೊಡೆಯುವ ಒಂದು ಹೋಲ್ ಇದೆ. ಅದರ ಹೆಸರು ಹಿಮಾಲಯಾಸ್. ಇನ್ನೊಂದರ ಹೆಸರು ಆಲ್ಪ್ಸ್. ಹೆಸರಿಟ್ಟವರು ಆ ದಿಬ್ಬಗಳ ಬುಡದಲ್ಲಿ ಚೆಂಡು ಇಟ್ಟುಕೊಂಡು ತಲೆ ಎತ್ತಿ ನೋಡಿರಬೇಕು.

ಆ ದಿನದ ಒಂಬತ್ತು

ನನ್ನ ಜೊತೆಗೆ ಆಡುತ್ತಿದ್ದವರು ಒಬ್ಬ ಹಿರಿಯರು. ಮೊದಲ ಟೀ ಹತ್ತಿರ ಪರಿಚಯ, ಇಬ್ಬರೂ ಒಂಟಿಯಾಗಿ ಬಂದಿದ್ದೆವು, ಜೊತೆಯಾದೆವು. ಮಾತು ಕಡಿಮೆ. ಅವರ ಚೀಲದಲ್ಲಿ ಏಳೋ ಎಂಟೋ ಕ್ಲಬ್ (ಚೆಂಡು ಹೊಡೆಯುವ ಕೋಲು) ಇದ್ದವು. ನಿಯಮದ ಪ್ರಕಾರ 14ರವರೆಗೆ ಇಟ್ಟುಕೊಳ್ಳಬಹುದು, ನನ್ನಲ್ಲಿ ಹದಿನಾಲ್ಕೂ ಇದ್ದವು. 12ರಲ್ಲಿ ನಾನು ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ತೆಗೆದು ಕಂಬದ ನೇರಕ್ಕೆ ಹೊಡೆದೆ. ಕೈಗೆ ಹೊಡೆತದ ಭಾರವೇ ತಿಳಿಯಲಿಲ್ಲ, ಅಷ್ಟು ಚೆನ್ನಾಗಿ ಬಡಿದಿತ್ತು. ಚೆಂಡು ಕಂಬದ ಮೇಲೇ ಹಾರಿ ಮರೆಯಾಯಿತು. ಅವರು ಅದಕ್ಕಿಂತ ಕಡಿಮೆ ದೂರದ ಒಂದು ಐರನ್ ಹಿಡಿದು ಕಂಬದಿಂದ ತುಂಬಾ ಬಲಕ್ಕೆ, ದಿಬ್ಬದ ಭುಜದ ಮೇಲೆ ಹೊಡೆದರು. ಪಾಪ, ತಪ್ಪಿತು ಅಂದುಕೊಂಡೆ.

ದಿಬ್ಬ ಹತ್ತಿ ನೋಡಿದರೆ ನನ್ನ ಚೆಂಡು ಇಲ್ಲ. ಅವರದು ಹುಲ್ಲು ಗಿಡ್ಡಗೆ ಕತ್ತರಿಸಿದ ಫೇರ್‌ವೇ ನಡುವೆ ಬಿಳಿಯಾಗಿ ಕೂತಿತ್ತು. ಆಚೆ ಕಡೆಯ ಇಡೀ ನೆಲ ಎಡಕ್ಕೆ ವಾಲಿತ್ತು. ಎಡದಲ್ಲಿ ಮೊಣಕಾಲೆತ್ತರದ ಹುಲ್ಲು. ಚೆಂಡು ಹುಡುಕಲು ಈಗ ಇರುವುದು ಮೂರೇ ನಿಮಿಷ. 2019ರವರೆಗೆ ಐದು ನಿಮಿಷ ಇತ್ತು. ಮೂರು ನಿಮಿಷ ಅಂದರೆ ಎಷ್ಟು ಕಡಿಮೆ ಅಂತ ಆ ಹುಲ್ಲಿನಲ್ಲಿ ಬಗ್ಗಿ ನಡೆದವರಿಗೇ ಗೊತ್ತು. ಕೊನೆಗೆ ಅವರೇ ಹುಡುಕಿಕೊಟ್ಟರು. ಹುಲ್ಲಿನ ಬುಡದಲ್ಲಿ ಮೇಲಿಂದ ನೋಡಿದರೆ ಮಾತ್ರ ಕಾಣುವಂತೆ ಕೂತಿತ್ತು.

ಆಮೇಲೆ ನಡೆದದ್ದು ಇಷ್ಟು. ಗ್ರೀನ್ ಅಲ್ಲಿಂದ 170 ಗಜ ಇತ್ತು, ಮಧ್ಯೆ ಹಳ್ಳ. 5 ಐರನ್ ತೆಗೆದೆ. ಉದ್ದ ಹುಲ್ಲು ಕ್ಲಬ್ಬಿನ ಕುತ್ತಿಗೆಗೆ ಸುತ್ತಿಕೊಂಡಿತು, ಮುಖ ಮುಚ್ಚಿಹೋಯಿತು, ಚೆಂಡು ಎರಡು ಅಡಿ ಸರಿಯಿತು. ಅದೇ ಕ್ಲಬ್ಬಿನಿಂದ ಮತ್ತೆ ಹೊಡೆದೆ, ಇನ್ನೂ ಜೋರಾಗಿ. ಈ ಸಲ ಚೆಂಡು ಹೊರಬಂತು, ತಗ್ಗಾಗಿ ಓಡಿ ಹಳ್ಳಕ್ಕೆ ಬಿತ್ತು. ಒಂದು ಪೆನಾಲ್ಟಿ. ಚೆಂಡನ್ನು ಕೈಯಿಂದ ಡ್ರಾಪ್ ಮಾಡಿ ಹೊಡೆದದ್ದು ಗ್ರೀನ್ ದಾಟಿ ಹಿಂದಿನ ಬಂಕರ್‌ಗೆ (ಮರಳುಗುಂಡಿಗೆ) ಹೋಯಿತು. ಬಂಕರ್‌ನಿಂದ ಒಂದು, ಆಮೇಲೆ ಮೂರು ಪಟ್. ಅಷ್ಟರಲ್ಲಿ ಹಿರಿಯರು ಹಳ್ಳದ ಈಚೆಗೆ ಒಂದು ಸಣ್ಣ ಹೊಡೆತ, ಗ್ರೀನ್ ಮೇಲೆ ಒಂದು ಸಣ್ಣ ಹೊಡೆತ, ಎರಡು ಪಟ್ ಮಾಡಿ 5 ಬರೆದುಕೊಂಡಿದ್ದರು. ಒಂದು ಹೊಡೆತದಲ್ಲೂ ಅವರು ಬಲ ಹಾಕಿದ್ದು ನಾನು ನೋಡಲಿಲ್ಲ.

13ರ ಟೀ ಕಡೆ ನಡೆಯುವಾಗ ಅವರು ಒಂದೇ ಮಾತು ಕೇಳಿದರು. "ಮಳೆ ಬಂದರೆ ಇಲ್ಲಿ ನೀರು ಯಾವ ಕಡೆ ಹೋಗುತ್ತೆ ಅಂತ ನೋಡಿದ್ರಾ?"

ನಾನು ಇಲ್ಲ ಅಂದೆ. ಅವರು ತಲೆಯಾಡಿಸಿ ಸುಮ್ಮನಾದರು. ನನ್ನ ಮನಸ್ಸು ಆಗ ಒಂಬತ್ತರಲ್ಲಿತ್ತು. ಅವರ ಪ್ರಶ್ನೆ ಮನೆಗೆ ಬಂದ ಮೇಲೆ ಕಿವಿಗೆ ಬಿತ್ತು ಅನ್ನಬೇಕು.

ಕಾರ್ಡಿನ ಮೇಲಿದ್ದ ಅಂಕಿಗಳು

ಮೊದಲು ನಾನು ಮಾಡಿದ್ದು ಸ್ಕೋರ್ ಕಾರ್ಡನ್ನು ಸರಿಯಾಗಿ ಓದುವ ಕೆಲಸ. ಆಡುವ ಮೊದಲೇ ಮಾಡಬೇಕಿತ್ತು. ಕೋರ್ಸಿನ ಸ್ಲೋಪ್ ರೇಟಿಂಗ್ 138 ಅಂತ ಅಲ್ಲಿ ಬರೆದಿತ್ತು. ಈ ಅಂಕಿ 55ರಿಂದ 155ರವರೆಗೆ ಇರಬಹುದು, ಸಾಮಾನ್ಯ ಅಂತ ಹಿಡಿಯುವುದು 113. ಸ್ಲೋಪ್ ಜಾಸ್ತಿ ಇದ್ದರೆ ಕೋರ್ಸ್ ಎಲ್ಲರಿಗೂ ಕಷ್ಟ ಅಂತ ನಾನು ತಿಳಿದಿದ್ದೆ. ಅದು ಹಾಗಲ್ಲ. ಪರಿಣತ ಆಟಗಾರನಿಗೆ ಹೋಲಿಸಿದರೆ ಸಾಧಾರಣ ಆಟಗಾರನಿಗೆ ಆ ಕೋರ್ಸ್ ಎಷ್ಟು ಹೆಚ್ಚು ಕಷ್ಟ ಕೊಡುತ್ತದೆ ಅನ್ನುವುದನ್ನು ಅದು ಹೇಳುತ್ತದೆ. ಒಳ್ಳೆಯವರು ದಾಟಿಹೋಗುವ ಹಳ್ಳ ನಮಗೆ ಸಿಗುತ್ತದೆ, ಅವರು ಹೋಗದ ಹುಲ್ಲಿಗೆ ನಾವು ಹೋಗುತ್ತೇವೆ. ಆ ಅಂತರಕ್ಕೆ ಇಟ್ಟ ಅಂಕಿ ಅದು.

ನನ್ನ ಹ್ಯಾಂಡಿಕ್ಯಾಪ್ ಇಂಡೆಕ್ಸ್, ಅಂದರೆ ನನ್ನ ಆಟದ ಮಟ್ಟ ಹೇಳುವ ಅಂಕಿ, 18. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಪ್ರಕಾರ 18ನ್ನು 138ರಿಂದ ಗುಣಿಸಿ 113ರಿಂದ ಭಾಗಿಸಿದರೆ 22 ಬರುತ್ತದೆ. ಕೋರ್ಸ್ ರೇಟಿಂಗಿಗೂ (ಪರಿಣತ ಆಟಗಾರನಿಂದ ನಿರೀಕ್ಷಿಸುವ ಸ್ಕೋರ್) ಪಾರ್‌ಗೂ ಇರುವ ವ್ಯತ್ಯಾಸವನ್ನೂ ಸೇರಿಸಬೇಕು, ಇಲ್ಲಿ ಅದು ಹೆಚ್ಚುಕಮ್ಮಿ ಸೊನ್ನೆ. ಅಂದರೆ ಆ ಕೋರ್ಸ್ ನನಗೆ 22 ಹೊಡೆತ ಬಿಟ್ಟುಕೊಡುತ್ತಿತ್ತು. 18 ಹೋಲ್‌ಗೆ ಒಂದೊಂದು, ಮಿಕ್ಕ ನಾಲ್ಕು ಅತಿ ಕಷ್ಟದ ನಾಲ್ಕು ಹೋಲ್‌ಗಳಿಗೆ. 12ನೇ ಹೋಲ್‌ನ ಸ್ಟ್ರೋಕ್ ಇಂಡೆಕ್ಸ್ 2, ಅಂದರೆ ಕಷ್ಟದಲ್ಲಿ ಎರಡನೆಯದು. ಅಲ್ಲಿಗೆ ನನಗೆ ಎರಡು ಹೊಡೆತ ಇತ್ತು. ಆ ಹೋಲ್‌ನಲ್ಲಿ ನನ್ನ ಪಾರ್ 6!

ಇನ್ನೊಂದು ಸಂಗತಿ. ಕೋರ್ಸುಗಳಿಗೆ ಈ ಅಂಕಿ ಕೊಡುವವರು ಲೆಕ್ಕಕ್ಕೆ ಒಬ್ಬ ಬೋಗಿ ಆಟಗಾರನನ್ನು, ಅಂದರೆ ಸಾಧಾರಣ ಆಟಗಾರನನ್ನು, ಇಟ್ಟುಕೊಂಡಿರುತ್ತಾರೆ. ಗಂಡಸರ ಲೆಕ್ಕದಲ್ಲಿ ಅವನ ಡ್ರೈವ್ 200 ಗಜ, ಎರಡು ಹೊಡೆತಕ್ಕೆ ಅವನು ಮುಟ್ಟಬಲ್ಲ ಹೋಲ್ 370 ಗಜ. ನಾನು ಹೆಚ್ಚುಕಮ್ಮಿ ಅದೇ ಆಟಗಾರ. 12ನೇ ಹೋಲ್ 380. ಹತ್ತು ಗಜದ ಆಸೆಗೆ ಐದು ಹೊಡೆತ ತೆತ್ತಿದ್ದೆ ಅಂತ ಆಗ ಹೊಳೆಯಿತು. ಆ ಹೋಲ್ ನನ್ನಿಂದ ಎರಡೇ ಹೊಡೆತದಲ್ಲಿ ಗ್ರೀನ್ ಕೇಳಿರಲೇ ಇಲ್ಲ. ಕಾರ್ಡಿನ ಮೇಲಿನ 4 ಅನ್ನುವ ಅಂಕಿ ಬೇರೆಯವರದು, ಅದನ್ನು ನನ್ನದು ಅಂದುಕೊಂಡಿದ್ದೆ. (ಬೋಗಿ ಅನ್ನುವ ಮಾತು 1890ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಶುರುವಾದಾಗ ಅದು ಒಬ್ಬ ಒಳ್ಳೆಯ ಆಟಗಾರ ಮಾಡಬೇಕಾದ ಸ್ಕೋರನ್ನೇ ಹೇಳುತ್ತಿತ್ತು. ಪಾರ್‌ಗಿಂತ ಒಂದು ಜಾಸ್ತಿ ಅನ್ನುವ ಅರ್ಥ ಆಮೇಲೆ ಬಂತು. ನನಗೆ ಹಳೆಯ ಅರ್ಥವೇ ಇಷ್ಟ.)

ಪಕ್ಕಕ್ಕೆ ಹೊಡೆಯುವುದು

ಹುಲ್ಲಿನಲ್ಲಿ ಮಾಡಿದ ತಪ್ಪನ್ನು ಅರ್ಥ ಮಾಡಿಕೊಳ್ಳಲು ಇನ್ನೂ ಸ್ವಲ್ಪ ದಿನ ಬೇಕಾಯಿತು. ಉದ್ದ ಹುಲ್ಲಿನಲ್ಲಿ ಕೂತ ಚೆಂಡಿಗೆ ಕಡಿದಾಗಿ ಇಳಿಯುವ, ಜಾಸ್ತಿ ಲಾಫ್ಟ್ ಇರುವ (ಮುಖ ಹಿಂದಕ್ಕೆ ಹೆಚ್ಚು ವಾಲಿದ) ಕ್ಲಬ್ ಬೇಕು. ವೆಡ್ಜ್ ಆದರೆ ಹುಲ್ಲನ್ನು ಕತ್ತರಿಸಿ ಚೆಂಡಿಗೆ ತಲುಪುತ್ತದೆ. 5 ಐರನ್ ಹುಲ್ಲನ್ನು ದಾಟಿಯೇ ಬರಬೇಕು, ಬರುವಷ್ಟರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಇದು ಯಾರಿಗೆ ಗೊತ್ತಿಲ್ಲ ಹೇಳಿ? ನನಗೂ ಗೊತ್ತಿತ್ತು. ಆದರೆ ವೆಡ್ಜ್ ಹಿಡಿದರೆ ಗ್ರೀನ್ ಸಿಗುವುದಿಲ್ಲ. ಬಲಕ್ಕೆ, ಫೇರ್‌ವೇ ಕಡೆಗೆ ಇಪ್ಪತ್ತು ಗಜ ಹೊಡೆದು ಸುಮ್ಮನಾಗಬೇಕು. ಒಂದು ಹೊಡೆತ ಖರ್ಚಾಗಿ ಹೋಲ್ ಒಂದು ಗಜವೂ ಹತ್ತಿರ ಆಗದಿರುವುದು, ಅದನ್ನು ಮನಸ್ಸು ಒಪ್ಪುವುದೇ ಇಲ್ಲ ಅಲ್ವಾ? ಅದಕ್ಕೆ ಕೈ 5 ಐರನ್ ಕಡೆ ಹೋಯಿತು.

ನಿಯಮಗಳು ಮಾತ್ರ ಈ ವಿಷಯದಲ್ಲಿ ನಮಗಿಂತ ಕರುಣೆಯವು. ಚೆಂಡು ಆಡಲು ಆಗದ ಕಡೆ ಇದೆ ಅಂತ ಹೇಳುವ ಹಕ್ಕು ಆಡುವವರಿಗೆ ಮಾತ್ರ ಇದೆ, ಯಾರ ಒಪ್ಪಿಗೆಯೂ ಬೇಕಿಲ್ಲ. ಒಂದು ಪೆನಾಲ್ಟಿ ಹೊಡೆತ ಸೇರಿಸಿಕೊಂಡು ಎರಡು ಕ್ಲಬ್ ಅಳತೆಯೊಳಗೆ, ಹೋಲ್‌ಗೆ ಹತ್ತಿರವಾಗದಂತೆ, ಮೊಣಕಾಲೆತ್ತರದಿಂದ ಡ್ರಾಪ್ ಮಾಡಬಹುದು. ಇಲ್ಲವೇ ಹೋಲ್ ಮತ್ತು ಚೆಂಡಿನ ನೇರಕ್ಕೆ ಎಷ್ಟು ಬೇಕಾದರೂ ಹಿಂದೆ ಹೋಗಬಹುದು. ಅದೂ ಬೇಡದಿದ್ದರೆ ಮೊದಲು ಹೊಡೆದ ಜಾಗಕ್ಕೆ ವಾಪಸ್ಸು. 1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಗಾಲ್ಫ್ ಆಡುವವರು ಮೊದಲ ಸಲ ನಿಯಮ ಬರೆದಿಟ್ಟಾಗ ಇದ್ದದ್ದು ಬರೀ 13. ಅದರಲ್ಲೂ ನೀರಿಗೆ ಬಿದ್ದ ಚೆಂಡನ್ನು ತೆಗೆದು ಹಿಂದೆ ಇಟ್ಟು ಆಡಬಹುದು, ಎದುರಾಳಿಗೆ ಒಂದು ಹೊಡೆತ ಬಿಟ್ಟುಕೊಡಬೇಕು ಅಂತ ಇತ್ತು. ಅಂದಿನಿಂದ ಇಂದಿನವರೆಗೆ ಬೆಲೆ ಒಂದೇ ಹೊಡೆತ. ನಾನೇ ಅದಕ್ಕೆ ಜಾಸ್ತಿ ಕೊಟ್ಟೆ.

ಅಮೆರಿಕದ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ನೆನಪಾಗುತ್ತಾರೆ. 1921ರಲ್ಲಿ, 19ನೇ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿನಲ್ಲಿ ಓಪನ್ ಆಡಲು ಹೋದರು. ಮೂರನೇ ಸುತ್ತಿನಲ್ಲಿ ಮೊದಲ ಒಂಬತ್ತು ಹೋಲ್‌ಗೆ 46 ಆಯಿತು. 11ನೇ ಹೋಲ್‌ನ ಬಂಕರ್‌ನಲ್ಲಿ ಸಿಕ್ಕಿಕೊಂಡು, ಆ ಹೋಲ್ ಮುಗಿಸದೆ ಸ್ಪರ್ಧೆಯಿಂದ ಹೊರಗುಳಿದರು. ಕೋರ್ಸ್ ಅವರಿಗೆ ಅರ್ಥವಾಗಿರಲಿಲ್ಲ, ಕೋಪ ಬಂದಿತ್ತು. ಅದೇ ಜೋನ್ಸ್ 1927ರಲ್ಲಿ ಅಲ್ಲಿಯೇ ಓಪನ್ ಗೆದ್ದರು, 1930ರಲ್ಲಿ ಅಲ್ಲಿಯೇ ಬ್ರಿಟಿಷ್ ಅಮೆಚೂರ್ ಗೆದ್ದರು. 1958ರಲ್ಲಿ ಆ ಊರು ಅವರಿಗೆ ತನ್ನ ಗೌರವ ಪೌರತ್ವ ಕೊಟ್ಟಿತು. 1921ರಿಂದ 1927ರವರೆಗಿನ ಆ ಆರು ವರ್ಷದಲ್ಲಿ ನೆಲ ಬದಲಾಗಿರಲಿಲ್ಲ. ಅವರು ಅದನ್ನು ನೋಡುವ ಕಣ್ಣು ಬದಲಾಗಿತ್ತು. ಅಷ್ಟು ದೊಡ್ಡ ಆಟಗಾರನೂ ಒಂದು ನೆಲವನ್ನು ಕಲಿಯಲು ವರ್ಷಗಟ್ಟಲೆ ತಗೊಂಡಿದ್ದಾರೆ ಅನ್ನುವುದು ನನಗೆ ದೊಡ್ಡ ಸಮಾಧಾನ.

ಕಾಣಿಸುವ ದಾರಿ, ಕಾಣದ ದಾರಿ

ಕೋರ್ಸ್ ವಿನ್ಯಾಸ ಮಾಡುವವರಲ್ಲಿ ಆಲಿಸ್ಟರ್ ಮೆಕೆಂಜಿ ಅಂತ ಒಬ್ಬರಿದ್ದರು. ಮೂಲತಃ ವೈದ್ಯರು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸರ್ಜನ್ ಆಗಿ ಹೋಗಿದ್ದಾಗ ಬೋಯರ್ ಸೈನಿಕರು ನೆಲದ ಏರುಪೇರಿನಲ್ಲಿ ಹೇಗೆ ಅಡಗಿ ಕೂರುತ್ತಾರೆ ಅಂತ ಗಮನಿಸಿದರು. ಆಮೇಲೆ ಆ ತಿಳಿವಳಿಕೆಯನ್ನು ಗಾಲ್ಫ್ ಕೋರ್ಸ್ ಕಟ್ಟುವುದರಲ್ಲಿ ಬಳಸಿದರು. ಕೃತಕವಾಗಿ ಮಾಡಿದ್ದು ಕೂಡ ನೆಲದ್ದೇ ಅನ್ನುವಂತೆ ಇರಬೇಕು ಅನ್ನುವುದು ಅವರ ಹಟ. ಜೋನ್ಸ್ ಜೊತೆ ಸೇರಿ ಅಮೆರಿಕದ ಅಗಸ್ಟಾ ನ್ಯಾಷನಲ್ ಕೋರ್ಸ್ ರೂಪಿಸಿದವರೂ ಇವರೇ. 1914ರಲ್ಲಿ ಕಂಟ್ರಿ ಲೈಫ್ ಪತ್ರಿಕೆ ಒಂದು ಪಾರ್ 4 ಹೋಲ್ ವಿನ್ಯಾಸದ ಸ್ಪರ್ಧೆ ಇಟ್ಟಾಗ ಗೆದ್ದದ್ದು ಮೆಕೆಂಜಿಯವರ ಚಿತ್ರ. ಅದರಲ್ಲಿ ಟೀಯಿಂದ ಗ್ರೀನಿಗೆ ಐದು ದಾರಿಗಳಿದ್ದವು. ಬಲಶಾಲಿಗೆ ಒಂದು, ಸಾಧಾರಣದವರಿಗೆ ಒಂದು, ಹೆದರುವವರಿಗೆ ಇನ್ನೊಂದು. ಯಾವ ದಾರಿ ಹಿಡಿದರೂ ಆಟವೇ.

ಈ ಐದು ದಾರಿಯ ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. 12ನೇ ಹೋಲ್ ನನಗೆ ತೋರಿಸಿದ್ದು ಒಂದೇ ದಾರಿ, ಬಿಳಿ ಕಂಬದ್ದು. ಆ ಕಂಬ ಸುಳ್ಳು ಹೇಳುತ್ತಿರಲಿಲ್ಲ. ಗ್ರೀನ್ ಅದೇ ನೇರದಲ್ಲಿತ್ತು. ಆದರೆ ಗ್ರೀನ್ ಯಾವ ಕಡೆ ಇದೆ ಅನ್ನುವುದು ಬೇರೆ, ನಾನು ಹೊಡೆದ ಚೆಂಡು ಎಲ್ಲಿ ಹೋಗಿ ನಿಲ್ಲುತ್ತೆ ಅನ್ನುವುದು ಬೇರೆ. ಹಿರಿಯರು ಕಂಬವನ್ನು ನೋಡಿರಲಿಲ್ಲ, ಕಾಣದ ಆಚೆಯ ಇಳಿಜಾರನ್ನು ನೆನಪಿಟ್ಟುಕೊಂಡಿದ್ದರು.

ಮಳೆ ನಿಂತ ಸಂಜೆ

ಒಂದು ದಿನ ಮಧ್ಯಾಹ್ನ ಪೂರ್ತಿ ಮಳೆ ಸುರಿದು ಆಟ ನಿಂತಿತ್ತು. ಸಂಜೆ ಮಳೆ ಬಿಟ್ಟ ಮೇಲೆ ಕ್ಲಬ್ ಇಲ್ಲದೆ ನಡೆದುಬರಬಹುದೇ ಅಂತ ಕೋರ್ಸಿನವರನ್ನು ಕೇಳಿದೆ. ಗ್ರೀನ್ ತುಳಿಯಬೇಡಿ ಅಂದರು, ಸರಿ ಅಂದೆ. 12ರ ಟೀಗೆ ನೇರ ಹೋದೆ. ಕೈಯಲ್ಲಿ ಕ್ಲಬ್ ಇಲ್ಲದೆ ಟೀ ಮೇಲೆ ನಿಂತದ್ದು ಅದೇ ಮೊದಲು. ದೂರ ಅಳೆಯುವ ಆತುರ ಇಲ್ಲ. ದಿಬ್ಬದ ಈಚೆ ಬದಿಯಲ್ಲಿ ನೀರು ಬೆರಳಗಲದ ಗೆರೆಗಳಾಗಿ ಇಳಿಯುತ್ತಿತ್ತು. ಆಚೆ ಹೋದರೆ ಎಲ್ಲ ಗೆರೆಗಳೂ ಎಡಕ್ಕೆ ಬಾಗಿ ಒಂದಾಗಿದ್ದವು. ನನ್ನ ಚೆಂಡು ಕೂತಿದ್ದ ಹುಲ್ಲಿನ ಜಾಗ ಈಗ ಕೆರೆಯ ಅಂಚಿನ ಹಾಗೆ ಜವುಗಾಗಿತ್ತು. ಹುಲ್ಲು ಅಲ್ಲಿ ಮಾತ್ರ ಅಷ್ಟು ದಟ್ಟ ಯಾಕೆ ಅಂತ ಆಗ ತಿಳಿಯಿತು. ದಿಬ್ಬದ ನೀರೆಲ್ಲ ಬಂದು ನಿಲ್ಲುವುದೇ ಅಲ್ಲಿ. ಚೆಂಡೂ ಅಲ್ಲಿಗೇ ಬರುತ್ತದೆ, ಬಂದ ಚೆಂಡು ಅತಿ ದಟ್ಟ ಹುಲ್ಲಿನಲ್ಲೇ ಕೂರುತ್ತದೆ.

ಬಲ ಭುಜದ ಮೇಲೆ ಬಿದ್ದ ನೀರು ಮಾತ್ರ ಬೇರೆ ದಾರಿ ಹಿಡಿದಿತ್ತು. ಅಲ್ಲಿಂದ ನಿಧಾನಕ್ಕೆ ಇಳಿದು ಫೇರ್‌ವೇ ನಡುವಿನ ಒಂದು ಅಗಲವಾದ ತಟ್ಟೆಯಂಥ ಜಾಗದಲ್ಲಿ ಹರಡಿಕೊಂಡು ಇಂಗುತ್ತಿತ್ತು. ಹಿರಿಯರ ಚೆಂಡು ಬಿಳಿಯಾಗಿ ಕೂತಿದ್ದ ಜಾಗ. ನಾನು ಅಲ್ಲಿ ತುಂಬಾ ಹೊತ್ತು ನಿಂತೆ. ಶೂ ಒಳಗೆ ನೀರು ಬಂದಿತ್ತು, ಬೆಳಕು ಇಳಿಯುತ್ತಿತ್ತು, ಹಳ್ಳದ ಸದ್ದು ಜೋರಾಗಿತ್ತು. ಇಷ್ಟು ದಿನ ಈ ಆಟವನ್ನು ಗಾಳಿಯಲ್ಲಿ ಹಾರುವ ಚೆಂಡಿನ ಆಟ ಅಂದುಕೊಂಡಿದ್ದೆ. ಹಾರಿದ ಮೇಲೆ ಅದು ಉರುಳುತ್ತದೆ, ಉರುಳುವಾಗ ಅದು ನೆಲದ ಮಾತು ಕೇಳುತ್ತದೆ.

ಅವತ್ತಿನಿಂದ ಇಳಿಜಾರಿನ ಮೇಲೆ ನಿಲ್ಲುವುದನ್ನೂ ಬೇರೆ ಥರ ನೋಡತೊಡಗಿದೆ. ಚೆಂಡು ಕಾಲಿಗಿಂತ ಮೇಲಿದ್ದರೆ ಬಲಗೈ ಆಟಗಾರನ ಹೊಡೆತ ಎಡಕ್ಕೆ ಹೋಗುತ್ತದೆ, ಕೆಳಗಿದ್ದರೆ ಬಲಕ್ಕೆ. ಏರಿನ ಮೇಲಿಂದ ಹೊಡೆದದ್ದು ಎತ್ತರ ಹೋಗಿ ಹತ್ತಿರ ಬೀಳುತ್ತದೆ, ಇಳಿಜಾರಿನಿಂದ ಹೊಡೆದದ್ದು ತಗ್ಗಾಗಿ ಓಡುತ್ತದೆ. ಮೊದಲು ಇವನ್ನು ಸರಿಪಡಿಸಬೇಕಾದ ತೊಂದರೆಗಳು ಅಂತ ಎಣಿಸುತ್ತಿದ್ದೆ. ಈಗ ಎಡಕ್ಕೆ ಹೋಗುತ್ತದೆ ಅಂದರೆ ಬಲಕ್ಕೆ ಗುರಿ ಇಟ್ಟು ಸುಮ್ನೆ ಹೊಡೆಯುತ್ತೇನೆ.

ಮತ್ತೆ 12

ಮುಂದಿನ ವಾರ ಆಡಿದೆ. ಎದುರುಗಾಳಿ ಇತ್ತು. ಕಂಬದ ಕಡೆ ನೋಡದೆ ಇರುವುದಕ್ಕೆ ಕಷ್ಟವೇ ಆಯಿತು. ಕಣ್ಣು ತಾನಾಗಿ ಅತ್ತ ಹೋಗುತ್ತದೆ. ಬಲ ಭುಜದ ಆಚೆ ಒಂದು ಒಂಟಿ ಮರದ ತುದಿ ಕಾಣುತ್ತಿತ್ತು, ಅದನ್ನು ಗುರಿ ಇಟ್ಟುಕೊಂಡೆ. ಡ್ರೈವರ್ ಬಿಟ್ಟು ಅದಕ್ಕಿಂತ ಕಡಿಮೆ ದೂರದ ಹೈಬ್ರಿಡ್ ಹಿಡಿದೆ. ಗಾಳಿಗೆ ಎದುರು ಜೋರಾಗಿ ಹೊಡೆದರೆ ಸ್ಪಿನ್ ಜಾಸ್ತಿಯಾಗಿ ಚೆಂಡು ಮೇಲೆ ಮೇಲೆ ಏರಿಬಿಡುತ್ತದೆ. ಅದಕ್ಕೆ ನಿಧಾನಕ್ಕೆ ಬೀಸಿದೆ. ಚೆಂಡು ಭುಜದ ಮೇಲೆ ಬಿದ್ದು ಮರೆಯಾಯಿತು. ಹತ್ತಿಹೋಗುವಾಗ ಎದೆ ಹೊಡೆದುಕೊಳ್ಳುತ್ತಿತ್ತು, ಏರಿನಿಂದ ಮಾತ್ರ ಅಲ್ಲ.

ತಟ್ಟೆಯಂಥ ಜಾಗದಲ್ಲಿ ಇತ್ತು. ನಾನು ಗುರಿ ಇಟ್ಟದ್ದಕ್ಕಿಂತ ಇಪ್ಪತ್ತು ಹೆಜ್ಜೆ ಎಡಕ್ಕೆ, ನೀರು ಇಂಗುತ್ತಿದ್ದ ಜಾಗದಲ್ಲೇ.

ಗ್ರೀನ್‌ಗೆ ಅಲ್ಲಿಂದ 190 ಗಜ. ಮತ್ತೆ ಆಸೆ ಬರಲಿಲ್ಲ ಅಂದರೆ ಸುಳ್ಳು. ಒಂದು ಸಲ ದೂರ ಹೊಡೆಯುವ ಫೇರ್‌ವೇ ವುಡ್ ಮೇಲೆ ಕೈ ಇಟ್ಟೆ, ತೆಗೆದೆ. 9 ಐರನ್‌ನಿಂದ ಹಳ್ಳದ ಈಚೆಗೆ ಹೊಡೆದೆ. ಆ ಹೊಡೆತ ಮಾಡುವಾಗ ಬೇಸರ ಆಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಇಷ್ಟು ಜಾಗಕ್ಕೇ, ಇಷ್ಟು ದೂರಕ್ಕೇ ಅಂತ ಹೊಡೆದು ಅಲ್ಲೇ ಹೋಗಿ ನಿಂತಾಗ ಆದ ಖುಷಿ ಡ್ರೈವರ್ ಖುಷಿಗಿಂತ ಕಡಿಮೆ ಏನಲ್ಲ. ಮೂರನೆಯದು ವೆಡ್ಜ್, ಗ್ರೀನ್ ಮೇಲೆ ಬಿದ್ದು ಹೋಲ್‌ನ ಹಿಂದೆ ಹದಿನೈದು ಅಡಿ ದೂರದಲ್ಲಿ ನಿಂತಿತು.

ಪಟ್ ನೇರ ಇದೆ ಅಂತ ಕಂಡಿತು. ಆದರೆ ಮಳೆಯ ದಿನ ಗ್ರೀನ್ ತುಳಿಯದೆ ಹಿಂದಿನಿಂದ ಸುತ್ತಿ ಬರುವಾಗ ಒಂದು ವಿಷಯ ನೋಡಿದ್ದೆ. ಹಳ್ಳಕ್ಕೆ ಎರಡು ಕಡೆಯಿಂದ ನೀರು ಸೇರುತ್ತದೆ. ದಿಬ್ಬದ ಕಡೆಯಿಂದ ಒಂದು, ಗ್ರೀನ್ ಹಿಂದಿನ ಏರಿನಿಂದ ಇನ್ನೊಂದು. ಹಿಂದಿನದು ಗ್ರೀನನ್ನು ಬಳಸಿಕೊಂಡು ಮುಂದಿನ ಎಡ ಮೂಲೆಯಿಂದ ಹಳ್ಳಕ್ಕೆ ಇಳಿಯುತ್ತಿತ್ತು. ಮೊದಲ ಸಲ ನನ್ನ ಮೂರು ಪಟ್‌ಗಳೂ ಅದೇ ಮೂಲೆಯ ಕಡೆಗೇ ಎಳೆದಿದ್ದವು. ಹಿಂದಿನಿಂದ ಹೋಲ್ ಕಡೆ ಮುಖ ಮಾಡಿ ನಿಂತರೆ ಆ ಮೂಲೆ ನನ್ನ ಬಲಕ್ಕೆ ಬರುತ್ತದೆ. ಹೋಲ್‌ನ ಎಡಕ್ಕೆ ಎರಡು ಅಂಗೈ ಅಗಲ ಬಿಟ್ಟು ಮೆಲ್ಲಗೆ ತಳ್ಳಿದೆ. ಕೊನೆಯ ಮೂರು ಅಡಿಯಲ್ಲಿ ಚೆಂಡು ಬಲಕ್ಕೆ ತಿರುಗಿ, ಹೋಲ್‌ನ ಅಂಚು ಸವರಿ, ಎರಡು ಇಂಚು ಮುಂದೆ ನಿಂತಿತು. ಅದನ್ನು ಒಳಗೆ ತಟ್ಟಿ 5 ಬರೆದೆ.

ಆ ಹಿರಿಯರು ಆಮೇಲೆ ಸಿಕ್ಕಿಲ್ಲ. ಸಿಕ್ಕರೆ ಹೇಳಬೇಕು, ನೀರು ಎಲ್ಲಿ ಹೋಗುತ್ತೆ ಅಂತ ನೋಡಿದೆ ಸರ್ ಅಂತ. ಗ್ರೀನ್ ಹಿಂದಿನಿಂದ ಬರುವ ಆ ಎರಡನೇ ನೀರಿನ ವಿಷಯ ಅವರಿಗೂ ಗೊತ್ತಿತ್ತಾ ಅಂತ ಕೇಳಬೇಕು.